ಹದ

ದಿನಪತ್ರಿಕೆಗಳಲ್ಲಿ ‘ಹದ’ ಎಂಬ ಪದ ನನ್ನ ಕಣ್ಣಿಗೆ ಬೀಳುತ್ತಿದ್ದುದು ಕೆಟ್ಟ ಮೇಲೆಯೇ. ರಸ್ತೆ ಹದಗೆಟ್ಟಿತು, ಆರೋಗ್ಯ ಹದಗೆಟ್ಟಿತು, ಸಂಬಂಧ ಹದಗೆಟ್ಟಿತು. ಕೆಡುವುದಕ್ಕೆ ಮುಂಚೆ ಅಲ್ಲಿದ್ದ ಹದ ಯಾವುದು ಅಂತ ಬೆಂಗಳೂರಿನ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮಂಡ್ಯದ ಕಡೆಯ ನಮ್ಮೂರಿಂದ ಅಮ್ಮ ಫೋನ್ ಮಾಡಿದಾಗ ಗೊತ್ತಿಲ್ಲದ ಪದ ಬಂದರೆ ಈಗೀಗ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆಗೆದು ಹುಡುಕುತ್ತೇನೆ. ಬೇಸಾಯಕ್ಕೆ ಅಮ್ಮ ‘ಆರಂಬ’ ಅನ್ನುತ್ತಾಳೆ. ಎಷ್ಟು ಚೆಂದ! ಪ್ರತಿ ವರ್ಷ ಮೊದಲಿಂದ ಶುರುಮಾಡುವ ಕೆಲಸಕ್ಕೆ ಇನ್ನೇನು ಹೆಸರಿಡಬೇಕು?

ಆದರೆ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಹದ. ಹೊಲಕ್ಕೂ ಅದೇ, ಚರ್ಮಕ್ಕೂ ಅದೇ, ಮುದ್ದೆಗೂ ಅದೇ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಹದಕ್ಕೆ ಮೊದಲೇ ಇಳಿಸಿದರೆ ಅಚ್ಚಿನಲ್ಲಿ ಬೆಲ್ಲ ನಿಲ್ಲುವುದಿಲ್ಲ, ಮೀರಿದರೆ ಸೀದು ಕಪ್ಪಾಗುತ್ತದೆ. ಗಡಿಯಾರ ನೋಡಿ ಯಾರೂ ಇಳಿಸುವುದಿಲ್ಲ. ಮಳೆ ನಿಂತ ಮೇಲೆ ಅಮ್ಮ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಾಳೆ. ಅಂಟಿದರೆ ಕಾಯಬೇಕು, ಉದುರಿದರೆ ನೇಗಿಲು ಹೂಡಬೇಕು. “ಇವತ್ತು ಹದ ಐತೆ ಕಣ್ ಮಗಾ, ನಾಳಿದ್ದಿಗೆ ಒಣಗೋಯ್ತದೆ.”

ಈ ವರ್ಷ ಪಿಯುಸಿ ಫಲಿತಾಂಶ ಬಂದ ಸಂಜೆಯೇ ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಬುದ್ಧಿ ಹೇಳಿದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ ಅಂತ ಈಗಲೂ ಅನ್ನುತ್ತೇನೆ. ಅವನು ಮಾತು ಬಿಟ್ಟ. ತಟ್ಟೆ ಹಿಡಿದು ರೂಮಿಗೆ ಹೋಗುವುದು, ಬಾಗಿಲು ಹಾಕಿಕೊಳ್ಳುವುದು. ಮೂರು ವಾರ ಹೀಗೇ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಹಸಿ ಮಣ್ಣು ಉತ್ತ್‌ಬುಟ್ಟೆ, ಹೆಂಟೆ ಏಳ್ದೆ ಇನ್ನೇನಾದದು” ಅಂದಳು. ನಾನು ಫೋನ್ ಹಿಡಿದುಕೊಂಡೇ ಸುಮ್ಮನೆ ಕೂತೆ. ಒದ್ದೆ ಎರೆಮಣ್ಣನ್ನು ಉತ್ತರೆ ಏಳುವ ಹೆಂಟೆ ಒಣಗಿ ಕಲ್ಲಾಗುತ್ತದೆ, ಕೊಡತಿ ತೆಗೆದುಕೊಂಡು ಒಡೆಯಬೇಕು. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದದ್ದು ಮಣ್ಣಿನ ವಿಷಯದಲ್ಲಿ ಮಾತ್ರ.

ನಾವು ಮಕ್ಕಳಿಗೆ ಹೊಸ ಪದಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿಸುತ್ತೇವೆ. ಅರ್ಥ ಹೇಳುತ್ತೇವೆ, ಆ ಪದವನ್ನು ಆಡಿಕೊಂಡು ಬದುಕಿದವರ ಕೈಯನ್ನು ತೋರಿಸುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಅಮ್ಮನಿಗೆ ಈಗ ಎಪ್ಪತ್ತೆಂಟು.

ಅದಾಗಿ ಹತ್ತು ದಿನಕ್ಕೆ, ಜೋರು ಮಳೆ ಬಂದು ಕರೆಂಟ್ ಹೋದ ರಾತ್ರಿ, ಮಗ ತಾನೇ ಬಂದು ಪಕ್ಕದಲ್ಲಿ ಕೂತ. “ಅಪ್ಪಾ, ನಂಗೆ ಇಂಜಿನಿಯರಿಂಗ್ ಬೇಡ ಅನ್ಸುತ್ತೆ” ಅಂದ. “ಹೇಳು” ಅಂದೆ. ಕರೆಂಟ್ ಬರುವವರೆಗೂ ಅವನೇ ಮಾತಾಡಿದ.