ಪಗಾರ ನೋಡಿ ಫಿರ್ಯಾದಿಗೆ ಬೆಲೆ ಕಟ್ಟಬ್ಯಾಡ್ರಿ

ದೊಡ್ಡ ಐಟಿ ಕಂಪನಿ ಮೇಲೆ ಅದರ ನೌಕರರೇ ದೂರು ಕೊಟ್ಟ ಸುದ್ದಿ ಬಂದರೆ ಸಾಕು, ಬಳ್ಳಾರಿ, ಕೊಪ್ಪಳ, ರಾಯಚೂರಿನ ಗ್ರೂಪುಗಳಲ್ಲಿ ಅರ್ಧ ತಾಸಿನೊಳಗೆ ತೀರ್ಪು ಬಂದಿರುತ್ತದೆ. "ಎಸಿಯಾಗ ಕುಂತು ಲಕ್ಷಗಟ್ಟಲೆ ಪಗಾರ ಎಣಸೋರಿಗೆ ಏನ್ ಬ್ಯಾನಿ?" "ಕೆಲಸ ಬರಲಿಲ್ಲ, ತೆಗೆದ್ರು, ಮುಗೀತಲ್ಲ?" "ತೋರಣಗಲ್ಲಿನಾಗ ಫರ್ನೇಸ್ ಮುಂದ ಒಂದು ಶಿಫ್ಟ್ ನಿಂತು ನೋಡ್ರಿ, ಆಮ್ಯಾಲ ಮಾತಾಡ್ರಿ." ಈ ಕೊನೆಯ ಮಾತಿನ ಹಿಂದಿನ ಸಿಟ್ಟು ಸುಳ್ಳಲ್ಲ. ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಬೆಂಗಳೂರಿನ ಕೋರಮಂಗಲದ ಗೋಳು ಗೋಳೇ ಅಲ್ಲ ಅನ್ನಿಸುವುದು ಸಹಜ. ಇನ್ನೊಂದು ಕಡೆ, ದೂರಿನ ಒಂದು ಸಾಲೂ ಓದದೆ "ಕಂಪನಿಯವರೆಲ್ಲ ಕಳ್ಳರು" ಅಂತ ಬರೆದು ಹೋಗುವವರು. ಇಬ್ಬರೂ ನೋಡಿದ್ದು ಪಗಾರದ ಅಂಕಿಯನ್ನೇ. ಕಾರ್ಮಿಕ ಕಚೇರಿಯಲ್ಲಿ ಕೂತ ಅಧಿಕಾರಿ ಮಾತ್ರ ಬೇರೆ ಎರಡು ಸಂಗತಿ ಕೇಳುತ್ತಾರೆ: ನೀನು ದಿನವಿಡೀ ಮಾಡುತ್ತಿದ್ದ ಕೆಲಸ ಏನು, ನಿನ್ನ ಕೈಯಲ್ಲಿರುವ ಕಾಗದ ಯಾವುದು.

ಮೊದಲು ಆ "ಲಕ್ಷಗಟ್ಟಲೆ"ಯನ್ನೇ ಬಿಡಿಸಿ ನೋಡೋಣ. ಹೊಸಬನಿಗೆ ವರ್ಷಕ್ಕೆ 3.6 ಲಕ್ಷದ ಪ್ಯಾಕೇಜ್ ಅಂದರೆ ತಿಂಗಳಿಗೆ 30,000 ಅಂತ ಲೆಕ್ಕ ಹಾಕುತ್ತೇವೆ. ಬೇಸಿಕ್ 15,000 ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 1,800 ಆ ಪ್ಯಾಕೇಜಿನ ಒಳಗೇ ಇರುತ್ತದೆ. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇ 4.81, ಅಂದರೆ 721 ರೂಪಾಯಿಯೂ ಅದರೊಳಗೇ. ವೇರಿಯಬಲ್ ಪೇ ಶೇ 10 ಇದ್ದರೆ 3,000 ಹೋಯಿತು, ಅದು ಬಂದರೆ ಬಂತು. ನೌಕರನ ಪಾಲಿನ ಪಿಎಫ್ ಮತ್ತೆ 1,800. ಕೈಗೆ ಬರುವುದು 22,679, ಅದರಲ್ಲೂ ವಿಮೆಯ ಕಂತು ಕಡಿತವಾಗುವುದಿದೆ. ಪಿಜಿ ಬಾಡಿಗೆ, ಊಟ, ಬಸ್ಸು, ಎಜುಕೇಶನ್ ಲೋನಿನ ಕಂತು, ಎಲ್ಲ ಇದರಲ್ಲೇ ಆಗಬೇಕು. ಹತ್ತು ವರ್ಷ ಸರ್ವಿಸ್ ಆದವರ ಲೆಕ್ಕ ಬೇರೆ, ಒಪ್ಪುತ್ತೇನೆ. ಆದರೆ ಸುದ್ದಿಗೆ ಬರುವ ದೂರುಗಳಲ್ಲಿ ಎಷ್ಟೋ ಹೊಸಬರವೇ.

ಮೈಸೂರಿನ ಪ್ರಕರಣ ತಗೊಳ್ಳಿ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿತು. ಮೂರು ಅವಕಾಶ ಕೊಟ್ಟರೂ ಒಳಪರೀಕ್ಷೆ ಪಾಸಾಗಲಿಲ್ಲ ಅಂತ ಕಂಪನಿ ಹೇಳಿತು. ನೈಟ್ಸ್ ಎಂಬ ನೌಕರರ ಸಂಘಟನೆ ಸಂಖ್ಯೆ 700ರಷ್ಟಿದೆ ಅಂತ ಹೇಳಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ರಾಜ್ಯದ ಕಾರ್ಮಿಕ ಇಲಾಖೆ ಕ್ಯಾಂಪಸ್ಸಿಗೆ ಹೋಗಿ ಪರಿಶೀಲಿಸಿತು. ಇವರು ತರಬೇತಿಯಲ್ಲಿದ್ದವರು, ಕಾಯಂ ನೌಕರರಲ್ಲ, ಕಾನೂನು ಉಲ್ಲಂಘನೆ ಕಂಡಿಲ್ಲ ಅಂತ ಅಧಿಕಾರಿಗಳು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಜನ ಇದನ್ನು "ಕಂಪನಿ ಗೆದ್ದಿತು" ಅಂತ ಓದಿದರು. ಅಲ್ಲಿ ನಿಜಕ್ಕೂ ಎರಡು ಗಂಟುಗಳಿದ್ದವು. ಅವರಲ್ಲಿ ಹಲವರು 2022ರಲ್ಲೇ ಆಫರ್ ಪಡೆದು ಎರಡು ವರ್ಷ ಕಾದು 2024ರಲ್ಲಿ ಸೇರಿದವರು. ಕಾದ ಎರಡು ವರ್ಷ ಯಾವ ಕಾನೂನಿನ ಲೆಕ್ಕಕ್ಕೂ ಸಿಗುವುದು ಕಷ್ಟ, ಯಾಕಂದರೆ ಆಫರ್ ಲೆಟರ್ ಬೇರೆ, ನೇಮಕಾತಿ ಪತ್ರ ಬೇರೆ. ಸರ್ವಿಸ್ ಎಣಿಕೆಯಾಗುವುದು ಸೇರಿದ ದಿನದಿಂದ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸೆಕ್ಷನ್ 39ರ ರಕ್ಷಣೆ, ಅಂದರೆ ಸಕಾರಣ ಮತ್ತು ಒಂದು ತಿಂಗಳ ನೋಟಿಸ್, ಸಿಗುವುದು ಸತತ ಆರು ತಿಂಗಳು ದುಡಿದವರಿಗೆ. ಅಕ್ಟೋಬರ್‌ನಲ್ಲಿ ಸೇರಿ ಫೆಬ್ರವರಿಯಲ್ಲಿ ಹೊರಬಿದ್ದವನಿಗೆ ಆ ಆರು ತಿಂಗಳೇ ತುಂಬುವುದಿಲ್ಲ.

ಎರಡನೆಯ ಗಂಟು "ಟ್ರೈನಿ" ಎಂಬ ಹಣೆಪಟ್ಟಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಅಪ್ರೆಂಟಿಸ್ ಆಗಬೇಕಾದರೆ ಲಿಖಿತ ಒಪ್ಪಂದ ಬೇಕು, ಅದು ನೋಂದಣಿ ಆಗಬೇಕು. ಅಂಥವರು ಕಾರ್ಮಿಕರ ವ್ಯಾಖ್ಯೆಯಿಂದ ಹೊರಗೆ. ಆದರೆ ಕಂಪನಿ ತಾನೇ ಪತ್ರದಲ್ಲಿ "ಟ್ರೈನಿ" ಅಂತ ಬರೆದ ಮಾತ್ರಕ್ಕೆ ಯಾರೂ ಆ ಕಾಯ್ದೆಯ ಅಪ್ರೆಂಟಿಸ್ ಆಗಿಬಿಡುವುದಿಲ್ಲ. ಪಿಎಫ್ ಕಟ್ಟಿದ್ದಾರೋ ಇಲ್ಲವೋ, ಸ್ಟೈಪೆಂಡ್ ಕೊಟ್ಟರೋ ಸಂಬಳ ಕೊಟ್ಟರೋ, ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಇದೆಯೋ ಇಲ್ಲವೋ, ಇವು ಕೇಳಬೇಕಾಗಿದ್ದ ಪ್ರಶ್ನೆಗಳು. ಕಾಮೆಂಟುಗಳಲ್ಲಿ ಇವು ಎಲ್ಲಿದ್ದವು? ಅಲ್ಲಿ ನಡೆದಿದ್ದು ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ನಾರಾಯಣ ಮೂರ್ತಿಯವರು 2023ರಲ್ಲಿ ಆಡಿದ, ವಾರಕ್ಕೆ 70 ಗಂಟೆ ದುಡಿಯಬೇಕು ಅನ್ನುವ ಮಾತಿನ ಪರ-ವಿರೋಧ, ಮತ್ತು "ಕನ್ನಡಿಗರು ಕಟ್ಟಿದ ಕಂಪನಿ ಹೆಸರು ಕೆಡಿಸಬೇಡಿ" ಅನ್ನುವ ಬುದ್ಧಿವಾದ. ಕಂಪನಿ ಕಳಿಸಿದವರ ಪಟ್ಟಿಯಲ್ಲಿ ನಮ್ಮ ಕಡೆಯಿಂದ ಹಂಪಿ ಎಕ್ಸ್‌ಪ್ರೆಸ್ ರೈಲು ಹತ್ತಿ ಮೈಸೂರಿಗೆ ಇಳಿದ ಕನ್ನಡದ ಹುಡುಗರು ಇರಬಹುದು ಅಂತ ಹೇಳಿದವರು ಕಮ್ಮಿ.

"ಇಂಜಿನಿಯರ್ ಅಂದ್ರ ಆಫೀಸರ್, ಅವನಿಗೆ ಕಾರ್ಮಿಕ ಕಾನೂನು ಎಲ್ಲಿಂದ ಬರ್ತದ?" ಅಂತ ಕಾಲೇಜು ಮೇಷ್ಟ್ರುಗಳೂ ಕೇಳುತ್ತಾರೆ. ಬರುತ್ತದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ, ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಕೂಲಿ, ಕುಶಲ, ತಾಂತ್ರಿಕ, ಗುಮಾಸ್ತೆ ಕೆಲಸ ಮಾಡುವವರೆಲ್ಲ ಕಾರ್ಮಿಕರೇ. ಪಗಾರದ ಮಿತಿ ಇರುವುದು ಮೇಲ್ವಿಚಾರಕರಿಗೆ ಮಾತ್ರ: ಮೊದಲು ತಿಂಗಳಿಗೆ 10,000 ಇತ್ತು, ಈಗ 18,000; ಅದಕ್ಕಿಂತ ಹೆಚ್ಚು ಪಗಾರದ ಮೇಲ್ವಿಚಾರಕರು ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ಕುಳಿತು ಕೋಡ್ ಬರೆಯುವವನಿಗೆ ಪಗಾರ ಎಷ್ಟಿದ್ದರೂ ಆ ಮಿತಿ ತಾಗುವುದಿಲ್ಲ. ತಂಡದವರ ರಜೆ ಮಂಜೂರು ಮಾಡುವ, ಅಪ್ರೈಸಲ್‌ಗೆ ಸಹಿ ಹಾಕುವ ಅಧಿಕಾರ ಇದೆಯೋ ಇಲ್ಲವೋ ಎಂಬುದೇ ನಿರ್ಣಾಯಕ. ವಿಸಿಟಿಂಗ್ ಕಾರ್ಡಿನ ಹುದ್ದೆ ಹೆಸರಿಗೆ ಅಷ್ಟು ತೂಕವಿಲ್ಲ. 2015ರಲ್ಲಿ ಟಿಸಿಎಸ್ ತೆಗೆದುಹಾಕಿದ ಚೆನ್ನೈನ ಒಬ್ಬ ನೌಕರರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಅಂತ ಅಲ್ಲಿನ ಕಾರ್ಮಿಕ ನ್ಯಾಯಾಲಯ 2022ರಲ್ಲಿ ಆದೇಶಿಸಿತು. ಅವರು ಮ್ಯಾನೇಜರ್ ದರ್ಜೆಯವರು ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಆ ಏಳು ವರ್ಷ ಅವರ ಸಂಸಾರ ಹೇಗೆ ಸಾಗಿತೋ, ಆ ಪ್ರಶ್ನೆಯೂ ಇದೆ.

ಈಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ: ರಾಜೀನಾಮೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇ 2ರಷ್ಟು, ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿದಾಗ ಕರ್ನಾಟಕದ ಐಟಿ ನೌಕರರ ಸಂಘ ಕಿಟು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು. "ತಾವೇ ರಾಜೀನಾಮೆ ಕೊಟ್ಟಾರ, ಈಗ್ಯಾಕ ಅಳ್ತಾರ?" ಅನ್ನುವುದು ಇಂಥ ಪ್ರತಿ ಸುದ್ದಿಯ ಕೆಳಗೆ ಇರುವ ಕಾಮೆಂಟು. ಯಾಕೆ ರಾಜೀನಾಮೆ ಬರೆಸಿಕೊಳ್ಳುತ್ತಾರೆ ಅನ್ನುವುದಕ್ಕೆ ದುಡ್ಡಿನ ಲೆಕ್ಕ ಇದೆ. ಆರು ವರ್ಷ ಸರ್ವಿಸ್, ಸಂಹಿತೆಯ ವ್ಯಾಖ್ಯೆಯಂತೆ ವೇತನ ತಿಂಗಳಿಗೆ 40,000 ಅಂತಿಟ್ಟುಕೊಳ್ಳಿ. ಹೆಚ್ಚುವರಿ ಸಿಬ್ಬಂದಿ ಅಂತ ಕಂಪನಿಯೇ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ 40,000. ವರ್ಷಕ್ಕೆ 15 ದಿನದಂತೆ ಪರಿಹಾರ 1,20,000. ಕೆಲಸ ಕಳೆದುಕೊಂಡವರು ಹೊಸ ಕೌಶಲ ಕಲಿಯಲಿ ಅಂತ ಇರುವ ಮರುಕೌಶಲ ನಿಧಿಯಿಂದ 15 ದಿನದ ವೇತನ 20,000. ಒಟ್ಟು 1,80,000. ನೌಕರನೇ ರಾಜೀನಾಮೆ ಕೊಟ್ಟರೆ ಕಾನೂನು ಪ್ರಕಾರ ಇದರಲ್ಲಿ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಗ್ರಾಚ್ಯುಟಿ ಮಾತ್ರ ಎರಡೂ ರೀತಿಯಲ್ಲಿ ಬರುತ್ತದೆ. ತೋರಣಗಲ್ಲಿನಂಥ ದೊಡ್ಡ ಕಾರ್ಖಾನೆಯಲ್ಲಿ, ಅಂದರೆ 300ಕ್ಕಿಂತ ಕಡಿಮೆ ಇಲ್ಲದಷ್ಟು ಕಾರ್ಮಿಕರಿರುವಲ್ಲಿ, ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕು. ಸಾಫ್ಟ್‌ವೇರ್ ಕಚೇರಿ ಕಾರ್ಖಾನೆಯೂ ಅಲ್ಲ, ಗಣಿಯೂ ಅಲ್ಲ, ಅದಕ್ಕೆ ಆ ತಡೆಯೂ ಇಲ್ಲ. ಫರ್ನೇಸ್ ಮುಂದೆ ನಿಲ್ಲುವ ಕಾಯಂ ಕಾರ್ಮಿಕನಿಗೆ ಇರುವ ಒಂದು ಬೇಲಿ ಎಸಿಯಲ್ಲಿ ಕೂತವನಿಗೆ ಇಲ್ಲ ಅನ್ನುವುದು ನಮ್ಮವರಿಗೆ ಹೊಸ ಸುದ್ದಿಯೇ ಇರಬೇಕು.

ಹಾಗಾಗಿ ಮಗ, ಮಗಳು, ಗೆಳೆಯ ಯಾರಾದರೂ "ಎಚ್‌ಆರ್ ರೂಮಿಗೆ ಕರದಾರ" ಅಂತ ಫೋನ್ ಮಾಡಿದರೆ ಹೇಳಬೇಕಾದ್ದು ಇಷ್ಟು. ಅವತ್ತೇ ಸಹಿ ಹಾಕಬೇಡ, ಪತ್ರ ಈಮೇಲ್ ಮಾಡಿ ಅಂತ ಕೇಳು. ಸಹಿ ಹಾಕಲೇಬೇಕಾದ ಒತ್ತಡ ಬಂದರೆ ತಾರೀಖಿನ ಜೊತೆ "ಒತ್ತಾಯಕ್ಕೆ ಸಹಿ, ಒಪ್ಪಿಗೆ ಇಲ್ಲ" ಅಂತ ಇಂಗ್ಲಿಷಿನಲ್ಲಿ ಬರೆ. ಹೊರಗೆ ಬಂದ ಕೂಡಲೇ ಸ್ವಂತ ಈಮೇಲ್‌ನಿಂದ ಎಚ್‌ಆರ್‌ಗೆ, ಎಷ್ಟು ಹೊತ್ತಿಗೆ ಯಾರು ಏನು ಹೇಳಿದರು ಅಂತ ನಾಲ್ಕು ಸಾಲು ಕಳಿಸು. ತಿಂಗಳು ಬಿಟ್ಟು "ಬಲವಂತ ಮಾಡಿದರು" ಅಂದರೆ ನಂಬಿಸುವುದು ಕಷ್ಟ, ಅದೇ ಸಂಜೆಯ ಈಮೇಲಿಗೆ ತೂಕ ಜಾಸ್ತಿ. ಕಂಪನಿಯ ಪೋರ್ಟಲ್ ಬಾಗಿಲು ಬಹಳ ಸಲ ಅದೇ ದಿನ ಮುಚ್ಚುತ್ತದೆ, ಆದ್ದರಿಂದ ನೇಮಕಾತಿ ಪತ್ರ, ಪೇ ಸ್ಲಿಪ್, ಅಪ್ರೈಸಲ್, ಫಾರ್ಮ್ 16 ಇವುಗಳನ್ನು ಪ್ರತಿ ತಿಂಗಳು ಇಳಿಸಿಕೊಳ್ಳುವ ರೂಢಿ ಇರಬೇಕು. ಇಲ್ಲೇ ಇನ್ನೊಂದು ತಪ್ಪು ನಡೆಯುತ್ತದೆ. ಗಾಬರಿಯಲ್ಲಿ ಕಚೇರಿ ಮೇಲ್‌ನಲ್ಲಿದ್ದದ್ದನ್ನೆಲ್ಲ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಿಬಿಡುತ್ತಾರೆ. ಅದರಲ್ಲಿ ಗ್ರಾಹಕರ ಒಂದು ಫೈಲ್ ಇದ್ದರೂ ಸಾಕು, ಕಂಪನಿಗೆ ದುರ್ನಡತೆ ಅಂತ ತೆಗೆಯಲು ಹೊಸ ಕಾರಣ ಸಿಕ್ಕಿತು, ಪರಿಹಾರದ ಮಾತೂ ಅಲ್ಲಿಗೆ ಮುಗಿಯಿತು. ತನ್ನ ಹೆಸರಿನ ಕಾಗದ ಮಾತ್ರ ತನ್ನದು.

ದೂರಿನ ದಾರಿಯೂ ಸುಲಭವಾಗೇ ಇದೆ, ತಡ ಮಾಡಬಾರದು ಅಷ್ಟೆ. 20ಕ್ಕಿಂತ ಕಡಿಮೆ ಇಲ್ಲದಷ್ಟು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು, ಅದರಲ್ಲಿ ನೌಕರರದೂ ಆಡಳಿತದ್ದೂ ಸಮ ಪಾಲು. ಅಲ್ಲಿ ಆಗದಿದ್ದರೆ, ಅಥವಾ ಕೆಲಸದಿಂದಲೇ ತೆಗೆದಿದ್ದರೆ, ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಗೆ ಅರ್ಜಿ. ಅಲ್ಲಿ 45 ದಿನ ಕಳೆದರೆ ನೌಕರ ತಾನೇ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷ ದಾಟಿರಬಾರದು, ಮೊದಲು ಮೂರು ವರ್ಷ ಇತ್ತು. ಬಳ್ಳಾರಿಯ ಮನೆಯಿಂದಲೇ ಕೆಲಸ ಮಾಡುತ್ತಿದ್ದರೂ ನೇಮಕಾತಿ ಪತ್ರದಲ್ಲಿ ಬೇಸ್ ಲೊಕೇಶನ್ ಬೆಂಗಳೂರು ಅಂತಿದ್ದರೆ ಸಾಮಾನ್ಯವಾಗಿ ಅಲ್ಲಿನ ಕಚೇರಿಯೇ ವ್ಯಾಪ್ತಿ. ಇಲ್ಲಿ ಕೊಟ್ಟ ಅರ್ಜಿ ಅಲ್ಲಿಗೆ ವರ್ಗವಾಗುವುದರಲ್ಲೇ ವಾರಗಳು ಹೋಗುತ್ತವೆ. ಅರ್ಜಿ ಒಂದೇ ಪುಟ ಇರಲಿ: ಸೇರಿದ ದಿನ, ನಿಜವಾಗಿ ಮಾಡುತ್ತಿದ್ದ ಕೆಲಸ, ಕೊನೆಯ ಪಗಾರ, ನಡೆದದ್ದು ತಾರೀಖು ಸಮೇತ, ಮತ್ತು ಬೇಕಾದ್ದು ಏನು. ಈ ಕೊನೆಯದನ್ನೇ ಜನ ಬಿಡುತ್ತಾರೆ. "ನ್ಯಾಯ ಕೊಡಿಸಿ" ಅಂದರೆ ಅಧಿಕಾರಿ ಏನು ಆದೇಶ ಮಾಡಬೇಕು? ಮರಳಿ ಕೆಲಸ, ಪರಿಹಾರ, ರಿಲೀವಿಂಗ್ ಲೆಟರ್, ಇಷ್ಟರಲ್ಲಿ ಯಾವುದು ಅಂತ ಬರೆಯಬೇಕು. ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ, ಅದನ್ನೂ ಸೇರಿಸಿ. ಪಿಎಫ್ ತಕರಾರು ಈ ಅರ್ಜಿಯಲ್ಲಿ ಬೆರೆಸಬಾರದು, ಅದಕ್ಕೆ ಪಿಎಫ್ ಸಂಸ್ಥೆ ಇಪಿಎಫ್‌ಒದ ಪೋರ್ಟಲ್ ಬೇರೆ ಇದೆ.

ಸರ್ಕಾರದ ಪಾತ್ರದ ಬಗ್ಗೆ ಯಾರೂ ಕಾಮೆಂಟು ಹಾಕುವುದಿಲ್ಲ, ವಿಚಿತ್ರ. ಕಾರ್ಖಾನೆಗಳಲ್ಲಿ ಶಿಸ್ತುಕ್ರಮ ಹೇಗೆ ನಡೆಯಬೇಕು ಅಂತ ಹೇಳುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ 2014ರಲ್ಲಿ ವಿನಾಯಿತಿ ಕೊಟ್ಟಿತು, 2019ರಲ್ಲಿ ಮುಂದುವರಿಸಿತು, 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ಅದಕ್ಕೆ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ, ಲೈಂಗಿಕ ಕಿರುಕುಳದ ಆಂತರಿಕ ಸಮಿತಿ, ಮತ್ತು ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳ ಮಾಹಿತಿ ಕಾರ್ಮಿಕ ಇಲಾಖೆಗೆ. ನಮ್ಮ ಜನರ ಲೆಕ್ಕವೂ ವಿಚಿತ್ರವೇ: ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಕಾರ್ಮಿಕ ಸಂಘದ ಚುನಾವಣೆ ಬಂದರೆ ಲಿಂಗಸುಗೂರು ಕಡೆ ಚಹಾದಂಗಡಿಯಲ್ಲೂ ಅದೇ ಚರ್ಚೆ. ಆ ತಾಲ್ಲೂಕಿನ ಹುಡುಗ ಬೆಂಗಳೂರಿನಲ್ಲಿ ಯೂನಿಯನ್ ಸೇರಿದರೆ ಮಾತ್ರ ಅದೇ ಜನಕ್ಕೆ ಅದು ಕೆಟ್ಟ ಚಾಳಿ.

ಬೆಂಬಲಕ್ಕೆ ನಿಲ್ಲುವವರೂ ತೊಂದರೆ ಮಾಡುತ್ತಾರೆ. ಸಂತೋಷ್ ಲಾಡ್ 2023ರಲ್ಲಿ ಕಾರ್ಮಿಕ ಸಚಿವರಾದ ಮೇಲೆ, ಸಂಡೂರಿನವರು ಅನ್ನುವ ಸಲುಗೆಯಿಂದ, ಟ್ಯಾಗ್ ಮಾಡಿದರೆ ಕೆಲಸ ಆಯಿತು ಅಂದುಕೊಂಡವರು ನಮ್ಮಲ್ಲಿದ್ದಾರೆ. ಟ್ಯಾಗ್ ಅರ್ಜಿ ಅಲ್ಲ, ಅದಕ್ಕೆ ಸ್ವೀಕೃತಿ ಸಂಖ್ಯೆ ಇಲ್ಲ, ಆ ಎರಡು ವರ್ಷದ ಗಡಿಯಾರವನ್ನು ಅದು ನಿಲ್ಲಿಸುವುದಿಲ್ಲ. ಎಚ್‌ಆರ್ ಹೆಸರು, ಪ್ರಾಜೆಕ್ಟ್ ಹೆಸರು ಕಾಣುವ ಸ್ಕ್ರೀನ್‌ಶಾಟ್ ಹಂಚಿದರೆ ಗೋಪ್ಯತೆಯ ಒಪ್ಪಂದ ಮುರಿದದ್ದು, ಮಾನನಷ್ಟ ಎಂಬ ತಿರುಗುಬಾಣ ನೌಕರನ ಮೇಲೇ ಬರುತ್ತದೆ. ಲೈಂಗಿಕ ಕಿರುಕುಳದ ದೂರಾದರೆ ಇನ್ನೂ ಎಚ್ಚರ ಬೇಕು: 2013ರ ಕಾಯ್ದೆಯ ಸೆಕ್ಷನ್ 16 ದೂರುದಾರೆ, ಆರೋಪಿ, ಸಾಕ್ಷಿಗಳು ಯಾರ ಗುರುತನ್ನೂ ಬಹಿರಂಗಪಡಿಸಲು ಬಿಡುವುದಿಲ್ಲ. "ನ್ಯಾಯ ಸಿಗಲಿ" ಅಂತ ಫೋಟೋ ಹಾಕಿ ಶೇರ್ ಮಾಡುವವರು ಆಕೆಯ ಕೇಸನ್ನೇ ಹಾಳು ಮಾಡುತ್ತಾರೆ.

ಇನ್ನು "371ಜೆ ಐತಲ್ಲ, ಗೌರ್ಮೆಂಟ್ ನೌಕರಿ ಹಿಡಿಬಾರದಾಗಿತ್ತಾ" ಅನ್ನುವ ಹಿರಿಯರಿಗೆ: ಸಂವಿಧಾನದ ಆ ವಿಧಿ ಕಲ್ಯಾಣ ಕರ್ನಾಟಕದವರಿಗೆ ಕೊಡುವ ಮೀಸಲಾತಿ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ, ಸರ್ಕಾರಿ ಹುದ್ದೆಗೆ ಕರೆ ಬರುವವರೆಗೆ ಹುಡುಗರು ಎಲ್ಲೋ ದುಡಿಯಲೇಬೇಕು. ಅವರು ಕೇಳಬೇಕಾದ ಪ್ರಶ್ನೆ ಕಾಲೇಜಿಗೆ. ಬಳ್ಳಾರಿಯ ರಾಯಲ್ ಸರ್ಕಲ್ ಸುತ್ತ ಪ್ಲೇಸ್‌ಮೆಂಟಿನ ಫ್ಲೆಕ್ಸ್‌ಗಳಲ್ಲಿ ಕಾಣುವ ಸಂಖ್ಯೆ ಆಫರ್ ಲೆಟರ್‌ನದ್ದೋ ಕೆಲಸಕ್ಕೆ ಸೇರಿದವರದ್ದೋ? ಸೇರಿದವರಲ್ಲಿ ವರ್ಷ ಪೂರೈಸಿದವರು ಎಷ್ಟು? ಟ್ರೈನಿಂಗ್ ಬಾಂಡ್ ಎಷ್ಟು ರೂಪಾಯಿಗೆ, ಎಷ್ಟು ತಿಂಗಳಿಗೆ, ಕಂಪನಿಯೇ ಕಳಿಸಿದರೆ ಆ ಬಾಂಡ್ ಏನಾಗುತ್ತದೆ? ಅಡ್ಮಿಷನ್ ಫೀಸು ಕಟ್ಟುವ ಕೌಂಟರಿನಲ್ಲಿ ಈ ಮೂರನ್ನೂ ಲಿಖಿತವಾಗಿ ಕೇಳಿ, ಉತ್ತರದ ಮೇಲೆ ಕಾಲೇಜಿನ ಸೀಲು ಹಾಕಿಸಿಕೊಳ್ಳಿ.