ಎಲ್ಲರೂ ಪಿಎಂ ಆದ್ರು, ಮನೆಯೋರೊಬ್ರನ್ನ ಬಿಟ್ಟು

ಆಸ್ಟ್ರೇಲಿಯಾದಲ್ಲಿ ಪಾರ್ಲಿಮೆಂಟ್ ಇರ್ಲಿ, ಆಫೀಸ್ ಮೀಟಿಂಗ್ ಇರ್ಲಿ, ಶುರುವಿಗೆ ಒಬ್ರು ಎದ್ದು ಮುಖ ಗಂಭೀರ ಮಾಡ್ಕೊಂಡು "ಈ ನೆಲದ ಮೂಲ ಒಡೆಯರಿಗೆ, ಅವರ ಹಿಂದಿನ ಇಂದಿನ ಹಿರಿಯರಿಗೆ ನಮ್ಮ ಗೌರವ" ಅಂತಾರೆ, ಆಮೇಲೆ ಆ ಮೂಲ ಒಡೆಯರು, ಅಂದ್ರೆ ಮೂಲನಿವಾಸಿಗಳು, ಒಬ್ರೂ ಇಲ್ಲದ ಅದೇ ರೂಮಲ್ಲಿ ಅವರ ನೆಲದಲ್ಲಿ ಎಲ್ಲಿ ಗಣಿ ತೋಡೋಣ ಅಂತ ಡಿಸ್ಕಷನ್ ಶುರು.

ಸರಿ ಸ್ವಾಮಿ, ಒಡೆಯರು ಅಂತ ನಿಮ್ಮ ಬಾಯಲ್ಲೇ ಬಂತಲ್ಲ, ಅವರಲ್ಲೊಬ್ರು ಪಿಎಂ ಆಗ್ಲಿ ಅಂದ್ ನೋಡಿ. "ಆಗ್ಲಿ ಆಗ್ಲಿ, ಆದ್ರೆ ಅನುಭವ ಬೇಕಲ್ವಾ?" 65,000 ವರ್ಷ ಅದೇ ನೆಲ ನೋಡ್ಕೊಂಡೋರ ಬಯೋಡೇಟಾ ಸಾಲಲ್ಲ!

1901ರಿಂದ ಈವರೆಗೆ 31 ಜನ ಆ ಕುರ್ಚಿಲಿ ಕೂತಿದ್ದಾರೆ, ಮೂಲನಿವಾಸಿ ಒಬ್ರೂ ಇಲ್ಲ. ಚಿಲಿಯಲ್ಲಿ ಹುಟ್ಟಿದೋರು ಆದ್ರು, ವೇಲ್ಸಲ್ಲಿ ಹುಟ್ಟಿದೋರು ಆದ್ರು. 1967ರಲ್ಲಿ ಪಿಎಂ ಆಗಿದ್ದ ಹೆರಾಲ್ಡ್ ಹೋಲ್ಟ್ ಸಮುದ್ರಕ್ಕೆ ಈಜೋಕೆ ಹೋದೋರು ವಾಪಸ್ ಬರ್ಲೇ ಇಲ್ಲ, ಅವರ ನೆನಪಿಗೆ ಮೆಲ್ಬರ್ನ್‌ನಲ್ಲಿ ಒಂದು ಈಜುಕೊಳಕ್ಕೆ ಹೆಸರಿಟ್ರು (ಇದು ನಾನು ಹೊಸೆದ ಜೋಕಲ್ಲ, ಆಣೆಗೂ ನಿಜ). 2010ರಿಂದ 2018ರೊಳಗೆ ನಾಲ್ಕು ಸಲ ಸ್ವಂತ ಪಕ್ಷದೋರೇ ಪಿಎಂನ ಎತ್ತಂಗಡಿ ಮಾಡಿದ್ರು. ಲಂಡನ್‌ನಲ್ಲಿ ಹುಟ್ಟಿದ ಟೋನಿ ಅಬಾಟ್ ಅಂತೂ ನಾನೇ ಮೂಲನಿವಾಸಿಗಳ ವ್ಯವಹಾರದ ಪಿಎಂ ಅಂತ ಘೋಷಿಸ್ಕೊಂಡ್ರು. ಕೆಲಸ ಅವರದ್ದು, ಕುರ್ಚಿ ಮಾತ್ರ ನಮ್ಮದು!

ಪೇಪರ್ಸ್ ವಿಷ್ಯ ಇನ್ನೂ ಮಜಾ. ವಿದೇಶಿ ಪೌರತ್ವ ಇರೋರು ಸಂಸದರಾಗೋ ಹಾಗಿಲ್ಲ ಅಂತ ಸಂವಿಧಾನದ 44ನೇ ಸೆಕ್ಷನ್ ಹೇಳುತ್ತೆ, 2017ರಲ್ಲಿ ತೆಗೆದು ನೋಡಿದ್ರೆ ಉಪಪ್ರಧಾನಿ ಬಾರ್ನಬಿ ಜಾಯ್ಸ್ ಅವರೇ ನ್ಯೂಜಿಲೆಂಡ್ ಪ್ರಜೆ, ಪಾಪ ಅವರಿಗೇ ಗೊತ್ತಿರ್ಲಿಲ್ಲ. ಅದೇ ಸರ್ಕಾರ ವಿದೇಶದಲ್ಲಿ ಹುಟ್ಟಿದ ಇಬ್ರು ಮೂಲನಿವಾಸಿಗಳನ್ನ ಪರಕೀಯರು ಅಂತ ಗಡೀಪಾರು ಮಾಡೋಕೆ ಹೊರಟಿತ್ತು. ಕೇಸು ಹೈಕೋರ್ಟಿಗೆ (ಅಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕೋರ್ಟು) ಹೋಗಿ, ಮೂಲನಿವಾಸಿಗಳು ಸ್ವಂತ ನೆಲದಲ್ಲಿ ಪರಕೀಯರಾಗೋಕೆ ಆಗಲ್ಲ ಅಂತ 2020ರಲ್ಲಿ ತೀರ್ಪು ಬಂತು. ಏಳು ಜಡ್ಜ್‌ಗಳಲ್ಲಿ ನಾಲ್ಕು ಜನ ಹಾಗಂದ್ರು, ಉಳಿದ ಮೂವರು ಒಪ್ಲಿಲ್ಲ.

ಹೋಗ್ಲಿ, ಪವಾಡ ಆಗಿ ಒಬ್ಬಳು ಮೂಲನಿವಾಸಿ ಹೆಣ್ಮಗಳು ಪಿಎಂ ಆಗೇಬಿಟ್ಲು ಅಂದ್ಕೊಳ್ಳಿ. ಮೊದಲ ದಿನ ಎದ್ದು ನಿಂತು, ಅದೇ ಗಂಭೀರ ಮುಖದಲ್ಲಿ, "ಈ ಕಟ್ಟಡದ ಮೂಲ ಒಡೆಯರಾದ ಲಾಯರ್‌ಗಳಿಗೆ, ಗಣಿ ಕಂಪನಿ ಲಾಬಿಯೋರಿಗೆ, ಬೆನ್ನಿಗೆ ಚೂರಿ ಹಾಕಿದ, ಹಾಕ್ತಿರೋ ಮತ್ತು ಮುಂದೆ ಹಾಕಲಿರೋ ಎಲ್ಲ ಹಿರಿಯರಿಗೆ ಗೌರವ" ಅಂತಾಳೆ.

ಮೊದಲ ಫೈಲು ಕ್ಯಾನ್‌ಬೆರಾದ ಹಳೇ ಪಾರ್ಲಿಮೆಂಟ್ ಕಟ್ಟಡದ್ದು. ಕೆಳಗೆ ಕಬ್ಬಿಣದ ಅದಿರು ಇರಬಹುದಂತೆ, ಸಿಡಿಸೋಕೆ ಪರ್ಮಿಷನ್ ಕಾನೂನು ಪ್ರಕಾರವೇ ಸಿಕ್ಕಿದೆ, ಸಾರಿ ಲೆಟರ್ ಟೈಪ್ ಆಗಿದೆ, ಬ್ಲಾಸ್ಟ್ ಆದ್ಮೇಲೆ ಪೋಸ್ಟ್ ಮಾಡೋದು. 2020ರ ಮೇ ತಿಂಗಳಲ್ಲಿ ರಿಯೋ ಟಿಂಟೋ ಅನ್ನೋ ಗಣಿ ಕಂಪನಿ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದ ಜೂಕನ್ ಕಣಿವೇಲಿ, ಮೂಲನಿವಾಸಿಗಳು 46,000 ವರ್ಷದ ಹಿಂದೆಯೇ ಬಳಸ್ತಿದ್ದ ಗುಹೆಗಳನ್ನ ಕಾನೂನುಬದ್ಧವಾಗಿ ಸಿಡಿಸಿ ಆಮೇಲೆ ಸಾರಿ ಕೇಳ್ತಲ್ಲ, ಫಾರ್ಮ್ಯಾಟ್ ಅದೇ. ಯಾರೋ ಹೆರಿಟೇಜ್ ಹೆರಿಟೇಜ್ ಅಂತ ಬಾಯಿ ಬಡ್ಕೊಂಡ್ರಂತೆ. 1927ರ ಕಟ್ಟಡ ಕಣ್ರೀ, ಪೇಂಟೇ ಇನ್ನೂ ಆರಿಲ್ಲ.

ಬಿಳಿಯರಿಗೆ ಅನ್ಯಾಯ ಆಯ್ತಾ? ಛೇ, ಅವರಿಗೂ ಒಂದು ಸಲಹಾ ಮಂಡಳಿ ಕೊಡ್ತಾಳಂತೆ. ಅವರು ಸಲಹೆ ಕೊಡಬಹುದು, ಸರ್ಕಾರ ಕೇಳ್ಬೇಕು ಅಂತೇನಿಲ್ಲ. ಆದ್ರೆ ಅಷ್ಟು ಕೊಡೋಕೂ ಮೊದ್ಲು ರೆಫರೆಂಡಂ ಆಗ್ಬೇಕು. 2023ರ ಅಕ್ಟೋಬರ್ 14ಕ್ಕೆ ಮೂಲನಿವಾಸಿಗಳು ಇಂಥದೇ ಒಂದು ಮಂಡಳಿ ಕೇಳಿದಾಗ ನೂರಕ್ಕೆ ಅರವತ್ತು ಜನ, ಆರಕ್ಕೆ ಆರೂ ರಾಜ್ಯ, ಬೇಡ ಅಂದಿದ್ರು. ಈ ಸಲ ವೋಟು ಮೂಲನಿವಾಸಿಗಳು ಮಾತ್ರ ಹಾಕ್ತಾರೆ, ಜನಸಂಖ್ಯೆಲಿ ನೂರಕ್ಕೆ ನಾಲ್ಕೂ ಇಲ್ಲದೋರು. ಪ್ರಚಾರಕ್ಕೆ ಖರ್ಚೂ ಇಲ್ಲ ನೋಡಿ, "ಗೊತ್ತಿಲ್ವಾ? ಹಾಗಾದ್ರೆ ನೋ ಅನ್ನಿ" ಅನ್ನೋ 2023ರ ಪೋಸ್ಟರ್‌ಗಳು ಯಾವುದೋ ಗೋಡೌನಲ್ಲಿ ಕಟ್ಟು ಬಿಚ್ಚದೆ ಬಿದ್ದಿರುತ್ವೆ, ಧೂಳು ಹೊಡೆದು ಅಂಟಿಸಿದ್ರಾಯ್ತು.