ಕುದುರೆಗಳನ್ನು ಎಳೆದ ಕುದುರೆ

1967ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್ ರೈಲು ನಿಲ್ದಾಣದಿಂದ ಚಾರ್ಲಿ ಎಂಬ ಸರ್ಕಾರಿ ನೌಕರನೊಬ್ಬ ನಿವೃತ್ತನಾದ. ವ್ಯಾಗನ್ನುಗಳನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ಎಳೆದು ನಿಲ್ಲಿಸುವ ಶಂಟಿಂಗ್ ಕೆಲಸ ಅವನದು. ಅವನು ಬಡ್ತಿ ಕೇಳಿದವನಲ್ಲ, ಮುಷ್ಕರಕ್ಕೆ ಇಳಿದವನೂ ಅಲ್ಲ; ಏಕೆಂದರೆ ಅವನು ಕುದುರೆ, ಬ್ರಿಟಿಷ್ ರೈಲ್ವೆಯಲ್ಲಿ ಉಳಿದಿದ್ದ ಕೊನೆಯ ಶಂಟಿಂಗ್ ಕುದುರೆ. ನ್ಯೂಮಾರ್ಕೆಟ್ ರೇಸಿನ ಕುದುರೆಗಳ ಊರಾದ್ದರಿಂದ ಅವನು ಎಳೆಯುತ್ತಿದ್ದ ಗಾಡಿಗಳೊಳಗೆ ನಿಂತಿರುತ್ತಿದ್ದವೂ ಕುದುರೆಗಳೇ. ಜಗತ್ತಿಗೆ ಉಗಿಯ ರೈಲನ್ನು ಕಲಿಸಿದ ದೇಶದಲ್ಲಿ, ಎಂ-1 ಹೆದ್ದಾರಿ ತೆರೆದು ಏಳು ವರ್ಷ ಕಳೆದ ಮೇಲೂ, ಜಗತ್ತಿನಲ್ಲೇ ಅತಿ ವೇಗವಾಗಿ ಓಡಬಲ್ಲ ಕುದುರೆಗಳು ಪೆಟ್ಟಿಗೆಯೊಳಗೆ ನಿಂತಿದ್ದವು, ಅವುಗಳನ್ನು ಒಂದು ಸಾಮಾನ್ಯ ಕುದುರೆ ಎಳೆಯುತ್ತಿತ್ತು. ಒಳಗಿದ್ದವು ಇಳಿದು ನಡೆಯಬಹುದಿತ್ತಲ್ಲ ಎಂದು ಕೇಳುವವರಿಗೆ ಬ್ರಿಟನ್ನಿನ ಗೂಡ್ಸ್ ಗಾಡಿಯ ಚರಿತ್ರೆಯ ಪರಿಚಯವಿಲ್ಲವೆಂದೇ ತಿಳಿಯಬೇಕು.

ಆ ಚರಿತ್ರೆ ಬಹಳ ಗಂಭೀರವಾಗಿಯೇ ಆರಂಭವಾಗುತ್ತದೆ. 1825ರ ಸೆಪ್ಟೆಂಬರ್ 27ರಂದು ಸ್ಟಾಕ್ಟನ್-ಡಾರ್ಲಿಂಗ್ಟನ್ ರೈಲು ಮಾರ್ಗ ತೆರೆದಾಗ ಅದರ ಉದ್ದೇಶ ಗಣಿಯ ಕಲ್ಲಿದ್ದಲನ್ನು ನದಿಯ ದಡಕ್ಕೆ ಸಾಗಿಸುವುದಾಗಿತ್ತು. ಉದ್ಘಾಟನೆಯ ದಿನ ಜನರು ಕಲ್ಲಿದ್ದಲಿನ ವ್ಯಾಗನ್ನುಗಳನ್ನೇರಿ ಕುಳಿತರು. ಹತ್ತಿ ಕುಳಿತವರು ಮತ್ತೆ ಇಳಿಯಲಿಲ್ಲ. ಅಂದಿನಿಂದ ಇಂದಿನವರೆಗೆ ಆ ದೇಶದಲ್ಲಿ ರೈಲು ಎಂದರೆ ಪ್ರಯಾಣಿಕ ಎಂದೇ ಅರ್ಥ. ಯಾರಿಗಾಗಿ ಹಳಿ ಹಾಸಲಾಯಿತೋ ಆ ಸರಕು ಮಾತ್ರ ಪಕ್ಕದ ಲೂಪ್ ಹಳಿಯಲ್ಲಿ ನಿಂತು ಪ್ರಯಾಣಿಕರ ಗಾಡಿಗೆ ದಾರಿ ಬಿಡುತ್ತಿದೆ. ಮನೆ ಕಟ್ಟಿಸಿದ ಯಜಮಾನನನ್ನು ಜಗಲಿಯಲ್ಲಿ ಮಲಗಿಸಿದರೂ ಇಷ್ಟು ದೀರ್ಘಕಾಲ ಮಲಗಿಸುವುದಿಲ್ಲ.

ಮುಂದೆ ಬಂದದ್ದು ಗೇಜಿನ ಜಗಳ. ಗ್ರೇಟ್ ವೆಸ್ಟರ್ನ್ ಕಂಪನಿ ಏಳು ಅಡಿಗೂ ಕಾಲಂಗುಲ ಹೆಚ್ಚು ಅಗಲದ ಹಳಿ ಹಾಕಿದರೆ, ಉಳಿದವರು ನಾಲ್ಕು ಅಡಿ ಎಂಟೂವರೆ ಅಂಗುಲದ ಹಳಿಗೆ ಅಂಟಿಕೊಂಡರು. ಎರಡೂ ಗ್ಲಾಸ್ಟರ್ ನಗರದಲ್ಲಿ ಸಂಧಿಸಿದವು, ಅಂದರೆ ಸಂಧಿಸಲಿಲ್ಲ. ಬ್ರಿಸ್ಟಲ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ಹೊರಟ ಪ್ರತಿಯೊಂದು ಮೂಟೆಯೂ ಪೆಟ್ಟಿಗೆಯೂ ಅಲ್ಲಿ ಒಂದು ಗಾಡಿಯಿಂದ ಇಳಿದು ಇನ್ನೊಂದನ್ನು ಹತ್ತಬೇಕಾಗಿತ್ತು. ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಮೂಟೆ ಹೊತ್ತು ಹಾಕಿದ ನಮ್ಮ ಕಡೆಯ ಹಿರಿಯ ಹಮಾಲರಿಗೆ ಇದನ್ನು ವಿವರಿಸಬೇಕಾಗಿಲ್ಲ. 1845ರಲ್ಲಿ ನೇಮಕವಾದ ಗೇಜ್ ಆಯೋಗ ಗ್ಲಾಸ್ಟರಿನ ಪರಿಸ್ಥಿತಿಯನ್ನು ಕಣ್ಣಾರೆ ಕಾಣಲು ಬಂದಾಗ, ಗೊಂದಲ ಸಾಕಷ್ಟು ಗೊಂದಲವಾಗಿ ಕಾಣದಿದ್ದರೆ ಹೇಗೆ ಎಂಬ ಚಿಂತೆಯಿಂದ ಅಲ್ಲಿನ ಸರಕು ವ್ಯವಸ್ಥಾಪಕರು, ಅದಾಗಲೇ ಕೆಲಸ ಮುಗಿದಿದ್ದ ಎರಡು ಗಾಡಿಗಳ ಸಾಮಾನನ್ನು ಮತ್ತೆ ಇಳಿಸಲು ಹಚ್ಚಿದರೆಂಬ ಕಥೆ ರೈಲ್ವೆಯವರ ನಡುವೆ ಪ್ರಸಿದ್ಧವಾಗಿದೆ. ತಪಾಸಣೆಗೆ ಬಂದವರೆದುರು ಇಲ್ಲದ ಸುವ್ಯವಸ್ಥೆಯನ್ನು ತೋರಿಸುವ ಕಚೇರಿಗಳನ್ನು ನಾವೆಲ್ಲ ಕಂಡಿದ್ದೇವೆ. ಇದ್ದ ಅವ್ಯವಸ್ಥೆಗೆ ಇನ್ನಷ್ಟು ಅವ್ಯವಸ್ಥೆ ಬೆರೆಸಿ ಬಡಿಸಿದ ಪ್ರಾಮಾಣಿಕತೆ ಅಪರೂಪದ್ದು. ಓಟದ ಪರೀಕ್ಷೆಯಲ್ಲಿ ಅಗಲ ಗೇಜೇ ಗೆದ್ದಿತು, ಆಯೋಗ ಕಿರಿದಾದ ಗೇಜನ್ನು ಶಿಫಾರಸು ಮಾಡಿತು, 1846ರಲ್ಲಿ ಕಾಯ್ದೆ ಬಂದಿತು. ಅಗಲ ಗೇಜಿನ ಕೊನೆಯ ಹಳಿಗಳು ಮಾಯವಾದದ್ದು 1892ರಲ್ಲಿ. ಅವಸರದ ನಿರ್ಧಾರವೆಂದು ಯಾರೂ ದೂರುವಂತಿರಲಿಲ್ಲ.

ಹಳಿಗಳು ಒಂದಾದರೂ ಹಣ ಒಂದಾಗಬೇಕಲ್ಲ? ಒಂದು ಕಂಪನಿಯ ವ್ಯಾಗನ್ ಇನ್ನೊಂದು ಕಂಪನಿಯ ಹಳಿಯ ಮೇಲೆ ಓಡಿದ್ದಕ್ಕೆ ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಲೆಕ್ಕ ಹಾಕಲು 1842ರಲ್ಲೇ ಲಂಡನ್ನಿನಲ್ಲಿ ರೈಲ್ವೆ ಕ್ಲಿಯರಿಂಗ್ ಹೌಸ್ ಹುಟ್ಟಿಕೊಂಡಿತ್ತು. ಅದರ ನೌಕರರು ದೇಶದ ಜಂಕ್ಷನ್ನುಗಳಲ್ಲಿ ಮಳೆ ಚಳಿಯೆನ್ನದೆ ನಿಂತು, ಹಾದುಹೋಗುವ ವ್ಯಾಗನ್ನುಗಳ ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದರು. ಅಷ್ಟು ಸಾಲದೆಂದು ವ್ಯಾಗನ್ನಿನ ಮೇಲೆ ಹೊದಿಸಿದ ಟಾರ್ಪಾಲಿನ ಸಂಖ್ಯೆಯನ್ನೂ ಬರೆದುಕೊಳ್ಳುತ್ತಿದ್ದರು. ಆ ಚೀಟಿಗಳೆಲ್ಲ ಲಂಡನ್ನಿಗೆ ಹೋಗಿ, ಎರಡು ಸಾವಿರದಷ್ಟು ಗುಮಾಸ್ತರ ಕೈಯಲ್ಲಿ ಕೂಡಿ ಕಳೆದು ಭಾಗಿಸಲ್ಪಡುತ್ತಿದ್ದವು. ಕಲ್ಲಿದ್ದಲು ಊರು ಸೇರಿ, ಒಲೆಯಲ್ಲಿ ಉರಿದು, ಬೂದಿಯಾಗಿ, ಆ ಬೂದಿ ಗುಲಾಬಿ ಗಿಡದ ಬುಡ ಸೇರಿದ ಮೇಲೂ ಅದನ್ನು ಮುಚ್ಚಿದ್ದ ಟಾರ್ಪಾಲಿನ ಬಾಡಿಗೆಯ ಲೆಕ್ಕ ನಡೆಯುತ್ತಿತ್ತು.

ಆದರೆ ಈ ಚರಿತ್ರೆಯ ಮುಕುಟಮಣಿ ವ್ಯಾಗನ್ನೇ. ಬ್ರಿಟನ್ನಿನ ಸಾಂಪ್ರದಾಯಿಕ ಗೂಡ್ಸ್ ಗಾಡಿಯಲ್ಲಿ ಮುಂದಿನ ಎಂಜಿನ್ನಿಗೆ ಬ್ರೇಕ್ ಇತ್ತು, ಹಿಂದೆ ಗಾರ್ಡ್ ಕೂರುವ ಬ್ರೇಕ್ ವ್ಯಾನಿಗೆ ಬ್ರೇಕ್ ಇತ್ತು, ನಡುವಿನ 40-50 ವ್ಯಾಗನ್ನುಗಳಿಗೆ ದೈವಕೃಪೆ ಇತ್ತು. ಒಂದರಿಂದ ಒಂದನ್ನು ಬಿಗಿದದ್ದು ಮೂರು ಕೊಂಡಿಗಳ ಸಡಿಲ ಸರಪಳಿ. ಎಂಜಿನ್ ಹೊರಟಾಗ ಒಂದೊಂದಾಗಿ ಜಗ್ಗಿಕೊಂಡು ಹೊರಡುತ್ತಿದ್ದವು, ನಿಂತಾಗ ಒಂದೊಂದಾಗಿ ಬಂದು ಗುದ್ದುತ್ತಿದ್ದವು. ವ್ಯಾಗನ್ನಿನ ಪಕ್ಕದಲ್ಲಿ ಕೈಯಿಂದ ಅದುಮುವ ಬ್ರೇಕಿನ ಸನ್ನೆಯೊಂದು ಇರುತ್ತಿತ್ತು, ನಿಜ. ಕಡಿದಾದ ಇಳಿಜಾರು ಬಂದಾಗ ಗಾಡಿಯನ್ನು ನೆತ್ತಿಯ ಮೇಲೆ ನಿಲ್ಲಿಸಿ, ಗಾರ್ಡ್ ಇಳಿದು, ಸಾಲಿನುದ್ದಕ್ಕೂ ನಡೆದು, ಒಂದೊಂದೇ ಸನ್ನೆಯನ್ನು ಕೋಲಿನಿಂದ ಅದುಮಿ ಕಟ್ಟಬೇಕಾಗಿತ್ತು. ಕೆಳಗಿಳಿದ ಮೇಲೆ ಮತ್ತೆ ನಿಲ್ಲಿಸಿ, ಮತ್ತೆ ನಡೆದು, ಒಂದೊಂದನ್ನೇ ಬಿಚ್ಚಬೇಕಾಗಿತ್ತು. ಹೀಗೆ ಬ್ರಿಟನ್ನಿನ ಭಾರೀ ಕೈಗಾರಿಕೆ ಒಬ್ಬ ಗಾರ್ಡಿನ ಮೊಣಕಾಲುಗಳ ಮೇಲೆ ನಿಂತಿತ್ತು.

1889ರಲ್ಲಿ ಐರ್ಲೆಂಡಿನ ಆರ್ಮಾದಲ್ಲಿ ಕಳಚಿಕೊಂಡ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ ಸುಮಾರು 80 ಮಂದಿ ಸತ್ತ ಮೇಲೆ, ಪ್ರಯಾಣಿಕರ ಗಾಡಿಯ ಎಲ್ಲ ಬೋಗಿಗಳಿಗೂ ಹಬ್ಬುವ ಸ್ವಯಂಚಾಲಿತ ಬ್ರೇಕ್ ಇರಲೇಬೇಕೆಂದು ಪಾರ್ಲಿಮೆಂಟು ಅದೇ ವರ್ಷ ಕಾಯ್ದೆ ಮಾಡಿತು. ಗೂಡ್ಸ್ ಗಾಡಿಯ ಮಾತು ಅದರಲ್ಲಿ ಬರಲಿಲ್ಲ. ಕಲ್ಲಿದ್ದಲಿಗೆ ಮತದಾನದ ಹಕ್ಕಿರಲಿಲ್ಲ. ಬ್ರೇಕಿಲ್ಲದ ವ್ಯಾಗನ್ನುಗಳು 1980ರ ದಶಕದವರೆಗೂ ಓಡಿದವು. ಅಷ್ಟು ಹೊತ್ತಿಗೆ ಅದೇ ದೇಶ ಫ್ರಾನ್ಸಿನೊಡನೆ ಸೇರಿ ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನವನ್ನು ಹಾರಿಸಿ ಅದಕ್ಕೂ ಹಳಬನಾಗಿತ್ತು.

ವ್ಯಾಗನ್ನಾದರೂ ದೊಡ್ಡದಿತ್ತೇ ಎಂದರೆ, ಸುಮಾರು ಹತ್ತು ಟನ್ನಿನದು. ದೊಡ್ಡ ವ್ಯಾಗನ್ ಏಕಿಲ್ಲ ಎಂದು ರೈಲ್ವೆಯನ್ನು ಕೇಳಿದರೆ ಗಣಿಯ ಚಪ್ಪರದ ಕೆಳಗೆ ಅದು ನುಗ್ಗುವುದಿಲ್ಲ ಎನ್ನುತ್ತಿತ್ತು, ಗಣಿಯವರನ್ನು ಕೇಳಿದರೆ ಬಂದರಿನ ಯಂತ್ರ ಅದನ್ನು ಎತ್ತಲಾರದು ಎನ್ನುತ್ತಿದ್ದರು, ಊರಿನ ಕಲ್ಲಿದ್ದಲು ವ್ಯಾಪಾರಿಯನ್ನು ಕೇಳಿದರೆ ತನಗೆ ಒಮ್ಮೆಗೆ ಅಷ್ಟು ಬೇಡವೇ ಬೇಡ ಎನ್ನುತ್ತಿದ್ದ. 1920ರ ದಶಕದಲ್ಲಿ ಗ್ರೇಟ್ ವೆಸ್ಟರ್ನ್‌ನ ಮುಖ್ಯಸ್ಥ ಫೀಲಿಕ್ಸ್ ಪೋಲ್ 20 ಟನ್ನಿನ ವ್ಯಾಗನ್ ತಂದು, ಬಳಸುವವರಿಗೆ ದರದಲ್ಲಿ ರಿಯಾಯಿತಿಯನ್ನೂ ಘೋಷಿಸಿದರು. ಅವರ ಮಾತನ್ನು ಎಲ್ಲರೂ ಗೌರವದಿಂದ ಕೇಳಿದರು, ಹೆಚ್ಚಿನವರು ಹತ್ತು ಟನ್ನಿನದರಲ್ಲೇ ತುಂಬಿದರು. ಮೇಲಾಗಿ ಈ ವ್ಯಾಗನ್ನುಗಳಲ್ಲಿ 5 ಲಕ್ಷಕ್ಕೂ ಹೆಚ್ಚು ರೈಲ್ವೆಯವೇ ಆಗಿರಲಿಲ್ಲ. ಗಣಿಗಳವು, ವ್ಯಾಪಾರಿಗಳವು, ಪಕ್ಕದಲ್ಲಿ ಮಾಲೀಕನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆಸಿಕೊಂಡವು. ಖಾಲಿಯಾದ ವ್ಯಾಗನ್ ತನ್ನ ಯಜಮಾನನ ಮನೆಗೇ ಮರಳಬೇಕು, ದಾರಿಯಲ್ಲಿ ಸಿಕ್ಕ ಬೇರೊಬ್ಬರ ಸರಕನ್ನು ಮುಟ್ಟುವಂತಿಲ್ಲ. ಹೀಗಾಗಿ ಯಾರ್ಕ್‌ಶೈರಿನ ಖಾಲಿ ವ್ಯಾಗನ್ ಉತ್ತರಕ್ಕೂ ವೇಲ್ಸಿನ ಖಾಲಿ ವ್ಯಾಗನ್ ಪಶ್ಚಿಮಕ್ಕೂ ಮಡಿಯುಟ್ಟವರಂತೆ ಪರಸ್ಪರ ಸೋಕದೆ ಹೊರಡುತ್ತಿದ್ದವು. ಈ ಮಡಿಯನ್ನು ಬಿಡಿಸಲು 1939ರ ಯುದ್ಧವೇ ಬರಬೇಕಾಯಿತು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದಾಗ ಸರ್ಕಾರ ಈ ಮುದಿ ಮರದ ಪೆಟ್ಟಿಗೆಗಳಿಗೆಲ್ಲ ಮಾಲೀಕರಿಗೆ ಪರಿಹಾರ ಕೊಟ್ಟು ಕೊಂಡುಕೊಂಡಿತು. ಬಳಿಕ ಅವನ್ನು ಗುಜರಿಗೆ ಹಾಕುವ ಖರ್ಚನ್ನೂ ತಾನೇ ವಹಿಸಿತು.

ಇಷ್ಟರ ನಡುವೆ ರೈಲ್ವೆಗೆ ಇನ್ನೊಂದು ಧರ್ಮವೂ ಇತ್ತು: ಯಾರು ಏನನ್ನು ತಂದರೂ ಇಲ್ಲವೆನ್ನದೆ ಸಾಗಿಸಬೇಕು, ಒಬ್ಬರಿಗೆ ಒಂದು ಇನ್ನೊಬ್ಬರಿಗೆ ಒಂದು ದರ ಹೇಳಬಾರದು, ದರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ರೈಲ್ವೆಗೆ ಎದುರಾಳಿಯೇ ಇಲ್ಲದ ಕಾಲದಲ್ಲಿ ಇದು ನ್ಯಾಯವಾದ ಕಟ್ಟುಪಾಡು. ಮೊದಲ ಮಹಾಯುದ್ಧ ಮುಗಿದು ಸೈನ್ಯದ ಲಾರಿಗಳು ಅಗ್ಗಕ್ಕೆ ಮಾರಾಟವಾದ ಮೇಲೆ, ಅವನ್ನು ಕೊಂಡ ಮಾಜಿ ಸೈನಿಕನಿಗೆ ಈ ದರಪಟ್ಟಿ ವರವಾಯಿತು. ರೈಲ್ವೆಯ ಪುಸ್ತಕ ತೆರೆದು ನೋಡುವುದು, ಅದಕ್ಕಿಂತ ನಾಲ್ಕು ಕಾಸು ಕಡಿಮೆ ಹೇಳುವುದು, ಲಾಭದ ಸರಕನ್ನು ತುಂಬಿಕೊಂಡು ಹೊರಡುವುದು. ಉಳಿದದ್ದು, ಎಂದರೆ ಭಾರವಾದದ್ದು, ಅಗ್ಗವಾದದ್ದು, ವರ್ಷಕ್ಕೊಮ್ಮೆ ಬರುವಂಥದ್ದು, ರೈಲ್ವೆಯ ಪಾಲಿಗೆ. 1938ರ ಕೊನೆಯಲ್ಲಿ ದೇಶದ ನಾಲ್ಕು ದೊಡ್ಡ ರೈಲ್ವೆ ಕಂಪನಿಗಳು ಒಟ್ಟಾಗಿ ನ್ಯಾಯ ಕೊಡಿ ಎಂದು ಭಿತ್ತಿಪತ್ರ ಅಂಟಿಸಿ ಗೋಳಿಟ್ಟವು. ಮರುವರ್ಷ ಯುದ್ಧ ಬಂದು ಗೋಳಿನ ಕಡತ ಮುಚ್ಚಿಹೋಯಿತು. ಆ ಹೊರೆ ಪೂರ್ತಿ ಇಳಿದದ್ದು 1962ರ ಕಾಯ್ದೆಯಿಂದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದುಂಟು. ಇಲ್ಲಿ ಕಳ್ಳರು ಕೋಟೆಯ ಪಕ್ಕದಲ್ಲೇ ಮನೆ ಕಟ್ಟಿ, ಮಕ್ಕಳ ಮದುವೆಯನ್ನೂ ಮುಗಿಸಿದ್ದರು.

1955ರಲ್ಲಿ ಆಧುನೀಕರಣದ ಯೋಜನೆ ಪ್ರಕಟವಾಯಿತು. ವೆಚ್ಚ 1,240 ಮಿಲಿಯನ್ ಪೌಂಡ್. ಒಂದೊಂದು ವ್ಯಾಗನ್ನಾಗಿ ಬರುವ ಸರಕು ಲಾರಿಯ ಕಡೆಗೆ ನಡೆದುಹೋಗುತ್ತಿದ್ದ ಆ ಹೊತ್ತಿನಲ್ಲಿ, ಒಂದೊಂದು ವ್ಯಾಗನ್ನಾಗಿ ಬರುವ ಸರಕನ್ನು ವಿಂಗಡಿಸಲು ಯಾಂತ್ರೀಕೃತ ಯಾರ್ಡುಗಳನ್ನು ಕಟ್ಟಬೇಕೆಂದು ತಜ್ಞರು ತೀರ್ಮಾನಿಸಿದರು. ಕಾರ್ಲೈಲ್ ಬಳಿಯ ಬೃಹತ್ ಕಿಂಗ್‌ಮೂರ್ ಯಾರ್ಡ್ 1963ರಲ್ಲಿ ತೆರೆಯಿತು. ಬಿಡಿ ವ್ಯಾಗನ್ನಿನ ಸರಕು ಶುದ್ಧ ನಷ್ಟವೆಂದು ಸಾರಿದ, ರೈಲ್ವೆ ಮಂಡಳಿಯ ಅಧ್ಯಕ್ಷ ಡಾ. ರಿಚರ್ಡ್ ಬೀಚಿಂಗ್ ಅವರ ವರದಿ ಹೊರಬಿದ್ದದ್ದೂ 1963ರಲ್ಲಿ. ಬ್ಲೆಚ್ಲಿ ಎಂಬಲ್ಲಿ ಮುಖ್ಯ ಮಾರ್ಗದ ಮೇಲೆ ಕಾಂಕ್ರೀಟಿನ ಮೇಲ್ಸೇತುವೆಯೊಂದು ಎದ್ದಿತು, ಆಚೆಗಿನ ಸ್ವಾನ್‌ಬೋರ್ನ್ ಯಾರ್ಡಿಗೆ ಗೂಡ್ಸ್ ಗಾಡಿಗಳು ಹಾದುಹೋಗಲೆಂದು. ಆ ಯಾರ್ಡನ್ನು ಕಟ್ಟಲೇ ಇಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದು ಎಲ್ಲ ಊರಲ್ಲೂ ಇದೆ. ಕುಲಾವಿಯನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯುವುದಕ್ಕೆ ಮಾತ್ರ ಇಲಾಖೆಯೇ ಬೇಕು. ಹಾಗೆಯೇ ಯಾರ್ಡಿನಿಂದ ಯಾರ್ಡಿಗೆ ಸಣ್ಣಪುಟ್ಟ ಗಾಡಿಗಳನ್ನು ಎಳೆಯಲೆಂದು 1964-65ರಲ್ಲಿ ಸ್ವಿಂಡನ್ ಕಾರ್ಖಾನೆ 56 ಡೀಸೆಲ್ ಎಂಜಿನ್ನುಗಳನ್ನು ತಯಾರಿಸಿತು. ಬಣ್ಣ ಒಣಗುವಷ್ಟರಲ್ಲಿ ಅವು ಎಳೆಯಬೇಕಾದ ಗಾಡಿಗಳೇ ಇರಲಿಲ್ಲ. 1969ರ ಹೊತ್ತಿಗೆ ಅವೆಲ್ಲ ಸೇವೆಯಿಂದ ಹೊರಬಿದ್ದಿದ್ದವು, ಹಲವನ್ನು ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಕೊಂಡುಕೊಂಡವು. ಆ ಎಂಜಿನ್ನುಗಳು ತಯಾರಾದ ವರ್ಷಗಳಲ್ಲಿ ನ್ಯೂಮಾರ್ಕೆಟ್ಟಿನಲ್ಲಿ ಚಾರ್ಲಿ ಇನ್ನೂ ದುಡಿಯುತ್ತಿದ್ದ.

ಬೀಚಿಂಗ್ ಅವರನ್ನು ನೇಮಿಸಿದ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್, ರಸ್ತೆ ಸೇತುವೆ ಕಟ್ಟುವ ಕಂಪನಿಯೊಂದರ ಸ್ಥಾಪಕರು. ಪಾರ್ಲಿಮೆಂಟಿನಲ್ಲಿ ಗದ್ದಲವಾದ ಮೇಲೆ ತಮ್ಮ ಷೇರುಗಳನ್ನು ಮಾರುವುದಾಗಿ 1960ರಲ್ಲಿ ಹೇಳಿದರು. ಬೆಕ್ಕನ್ನು ಹಾಲಿಗೆ ಕಾವಲಿಡುವ ಮುನ್ನ ಮೀಸೆ ಒರೆಸಿಕೊಳ್ಳಲು ಹೇಳಿದ್ದು ಸಣ್ಣ ಶಿಷ್ಟಾಚಾರವಲ್ಲ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಕಂಟೇನರನ್ನು ಇಡಿಯಾಗಿ ಹೊತ್ತು ಓಡುವ ಫ್ರೈಟ್‌ಲೈನರ್ ಗಾಡಿ 1965ರಲ್ಲಿ ಹೊರಟದ್ದು ಇದೇ ಬೀಚಿಂಗ್ ವರದಿಯಿಂದ. ಇಡೀ ಕಥೆಯಲ್ಲಿ ಸರಕಿಗಿಂತ ಮುಂಚೆ ಬಂದು ನಿಂತ ಗಾಡಿ ಬಹುಶಃ ಅದೊಂದೇ.

ಖಾಸಗೀಕರಣದ ಅಧ್ಯಾಯವನ್ನು ಬಣ್ಣದ ವ್ಯಾಪಾರಿಯ ದೃಷ್ಟಿಯಿಂದ ಓದಬೇಕು. 1994ರಲ್ಲಿ ಸರ್ಕಾರ, ಪೈಪೋಟಿ ಹುಟ್ಟಲೆಂದು, ಭಾರೀ ಸರಕಿನ ವ್ಯವಹಾರವನ್ನು ಲೋಡ್‌ಹಾಲ್, ಮೇನ್‌ಲೈನ್, ಟ್ರಾನ್ಸ್‌ರೈಲ್ ಎಂಬ ಮೂರು ಕಂಪನಿಗಳಾಗಿ ಒಡೆಯಿತು. ಮೂರಕ್ಕೂ ಬೇರೆ ಬೇರೆ ಲಾಂಛನ ಬಂದವು, ಎಂಜಿನ್ನುಗಳಿಗೆ ಹೊಸ ಬಣ್ಣ ಬಳಿಯಲಾಯಿತು. 1996ರಲ್ಲಿ ಆ ಮೂರನ್ನೂ ಅಮೆರಿಕದ ವಿಸ್ಕಾನ್ಸಿನ್ ಸೆಂಟ್ರಲ್ ನೇತೃತ್ವದ ಒಂದೇ ಗುಂಪಿಗೆ ಮಾರಲಾಯಿತು, ಅದು ಅವನ್ನು ಮತ್ತೆ ಒಂದಾಗಿಸಿ ಕಡುಗೆಂಪು ಬಳಿಸಿತು. 2007ರಲ್ಲಿ ಆ ಕಂಪನಿಯನ್ನು ಕೊಂಡದ್ದು ಡಾಯ್ಚ ಬಾನ್, ಅಂದರೆ ಜರ್ಮನಿಯ ಸರ್ಕಾರಿ ರೈಲ್ವೆ, ಇನ್ನೊಂದು ಕೆಂಪು. ಸರ್ಕಾರಕ್ಕೆ ರೈಲು ನಡೆಸಲು ಬರುವುದಿಲ್ಲವೆಂಬ ತತ್ತ್ವಕ್ಕಾಗಿ ಮಾರಿದ ಆಸ್ತಿ, ಹೀಗೆ ಹನ್ನೊಂದು ವರ್ಷಗಳಲ್ಲಿ, ಸರ್ಕಾರವೊಂದರ ಮಡಿಲನ್ನು ಸೇರಿತು. ಅಳಿಯ ಅಲ್ಲ, ಮಗಳ ಗಂಡ. ಮಗಳು ಮಾತ್ರ ಬರ್ಲಿನ್ನಿನಲ್ಲಿ.

ಇನ್ನು ಸರಕಿನ ಗತಿ ಏನಾಯಿತು? ಯಾರ್ಕ್‌ಶೈರಿನ ಡ್ರ್ಯಾಕ್ಸ್ ವಿದ್ಯುತ್ ಸ್ಥಾವರವನ್ನು ಸೆಲ್ಬಿ ಕಲ್ಲಿದ್ದಲು ಸೀಮೆಯ ಮಗ್ಗುಲಲ್ಲೇ ಕಟ್ಟಲಾಗಿತ್ತು. ಸೆಲ್ಬಿಯ ಕೊನೆಯ ಗಣಿ 2004ರಲ್ಲಿ ಮುಚ್ಚಿತು. ಈಗ ಆ ಸ್ಥಾವರಕ್ಕೆ ಅಮೆರಿಕದ ಕಾಡಿನ ಮರ ಪುಡಿಯಾಗಿ, ಉಂಡೆಯಾಗಿ, ಹಡಗೇರಿ, ಅಟ್ಲಾಂಟಿಕ್ ದಾಟಿ, ಬಂದರಿನಲ್ಲಿ ರೈಲು ಹತ್ತಿ ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ. ಹವಾಮಾನದ ದೃಷ್ಟಿಯಿಂದ ಇದು ಹಸಿರು ಇಂಧನವೆಂದು ಸರ್ಕಾರ ಸಹಾಯಧನ ಕೊಡುತ್ತದೆ, ಅದನ್ನು ಎಳೆದು ತರುವ ಎಂಜಿನ್ ಡೀಸೆಲ್ ಕುಡಿಯುತ್ತದೆ. 2024ರ ಜೂನಿನಲ್ಲಿ ರ್‍ಯಾಟ್‌ಕ್ಲಿಫ್ ಸ್ಥಾವರಕ್ಕೆ 1,650 ಟನ್ ಕಲ್ಲಿದ್ದಲು ಹೊತ್ತ ರೈಲು ಬಂದು ಹೋಯಿತು. ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಸಾಗಿಸುವ ಕಾಯಕ ಅಲ್ಲಿಗೆ ಮುಗಿಯಿತು. ಅದಕ್ಕೂ ಆರು ತಿಂಗಳ ಮುಂಚೆ, 2023ರ ಡಿಸೆಂಬರಿನಲ್ಲಿ, 2050ರ ಹೊತ್ತಿಗೆ ರೈಲಿನ ಸರಕು ಸಾಗಣೆಯನ್ನು ಕನಿಷ್ಠ 75 ಪ್ರತಿಶತ ಹೆಚ್ಚಿಸುವ ಗುರಿಯನ್ನು ಸರ್ಕಾರ ಘೋಷಿಸಿತ್ತು. ದೇಶದ ಅತಿದೊಡ್ಡ ಕಂಟೇನರ್ ಬಂದರಾದ ಫೀಲಿಕ್ಸ್‌ಟೋವಿನಿಂದ ಹೊರಬೀಳುವ ರೈಲು ಮಾರ್ಗ ಬಹುಪಾಲು ಒಂಟಿ ಹಳಿಯದ್ದು. ಗುರಿ ಆ ಹಳಿಯ ಮೇಲೆ ಎದುರು ಗಾಡಿ ದಾಟುವುದನ್ನು ಕಾಯುತ್ತಿದೆ.

ಇದ್ದ ಹಳಿಯ ಮೇಲೆ ಇದ್ದ ತಂತಿಯನ್ನಾದರೂ ಬಳಸಬಹುದಲ್ಲ ಎಂದರೆ, ಅದಕ್ಕೂ ಒಂದು ವೃತ್ತಾಂತವಿದೆ. 2021ರ ಅಕ್ಟೋಬರಿನಲ್ಲಿ ವಿದ್ಯುತ್ ದರ ಏರಿತೆಂದು, ಕಂಟೇನರ್ ಸಾಗಿಸುವ ಅದೇ ಫ್ರೈಟ್‌ಲೈನರ್ ತನ್ನ ವಿದ್ಯುತ್ ಎಂಜಿನ್ನುಗಳನ್ನು ತಾತ್ಕಾಲಿಕವಾಗಿ ಬದಿಗೆ ನಿಲ್ಲಿಸಿ ಡೀಸೆಲ್ ಎಂಜಿನ್ನುಗಳನ್ನು ಹೂಡಿತು. ವ್ಯಾಪಾರದ ಲೆಕ್ಕದಲ್ಲಿ ಅದರ ತಪ್ಪೇನೂ ಇರಲಿಲ್ಲ. ಭೂಮಿಯನ್ನು ಹೊಗೆಯಿಂದ ಉಳಿಸುವುದು ಹೇಗೆಂದು ಚರ್ಚಿಸಲು ಆ ತಿಂಗಳ ಕೊನೆಯ ದಿನ ಬ್ರಿಟನ್ನಿನದೇ ಗ್ಲಾಸ್ಗೋ ನಗರದಲ್ಲಿ ಜಗತ್ತಿನ ದೇಶಗಳ ಸಮ್ಮೇಳನ ಆರಂಭವಾಯಿತು. ಲಂಡನ್ನಿನಿಂದ ಗ್ಲಾಸ್ಗೋವರೆಗಿನ ಮುಖ್ಯ ಮಾರ್ಗಕ್ಕೆ 1974ರಲ್ಲೇ ಪೂರ್ತಿ ತಂತಿ ಎಳೆದಾಗಿತ್ತು. ಅದರ ಮೇಲೆ ಹಕ್ಕಿಗಳು ಎಂದಿನಂತೆ ಸಾಲಾಗಿ ಕುಳಿತಿದ್ದವು. ಅವುಗಳಿಗೆ ಯಾವ ದರವೂ ಅನ್ವಯಿಸುವುದಿಲ್ಲ.